ಕಾರ್ಡಿನ ಹಿಂಬದಿ

ನಿಘಂಟು ಕಚೇರಿಯಲ್ಲಿ ಅವಳನ್ನು ಎಲ್ಲರೂ ಕಾರ್ಡಮ್ಮ ಎನ್ನುತ್ತಿದ್ದರು. ಇಂಗ್ಲಿಷ್ ಪದಕ್ಕೆ ಕನ್ನಡದ ಅರ್ಥ ಬರೆಯುವುದು ಪಂಡಿತರ ಕೆಲಸ. ಆ ಅರ್ಥ ಜನರ ಬಾಯಲ್ಲಿ ಹೇಗೆ ಓಡಾಡುತ್ತದೆಂದು ತೋರಿಸುವ ಒಂದು ವಾಕ್ಯ ಹುಡುಕಿ ಕಾರ್ಡಿಗೆ ಇಳಿಸುವುದು ಇವಳ ಕೆಲಸ. ಹದಿನಾಲ್ಕು ವರ್ಷದಿಂದ ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಕಿವಿ ತೆರೆದುಕೊಂಡೇ ಬದುಕಿದ್ದಳು. ಸಂಪಾದಕರದು ಒಂದೇ ಹಟ: ವಾಕ್ಯ ಕಟ್ಟಬಾರದು, ಕೇಳಿರಬೇಕು. ಕಾರ್ಡಿನ ಹಿಂಬದಿಯಲ್ಲಿ ಹೇಳಿದವರು ಬರೆದವರಿಗೆ ಏನಾಗಬೇಕು ಎಂದು ನಮೂದಿಸಿ, ಅವರಿಂದಲೇ ಸಹಿ ಹಾಕಿಸಿ ತರಬೇಕು. ಹಿಂದೊಬ್ಬ ಪುಣ್ಯಾತ್ಮ ಮನೆಯಲ್ಲೇ ಕೂತು ಮುನ್ನೂರು ವಾಕ್ಯ ಹೊಸೆದು ತಂದಿದ್ದನಂತೆ; ಅವತ್ತಿನಿಂದ ಈ ಕಾನೂನು. ಒಮ್ಮೆ ಪೆಟ್ಟಿಗೆಗೆ ಬಿದ್ದ ಕಾರ್ಡು ಯಾರಿಗೂ ವಾಪಸ್ಸು ಸಿಗುತ್ತಿರಲಿಲ್ಲ.

ಆ ವಾರ ಅವಳ ಪಾಲಿಗೆ ಬಂದದ್ದು 'ಅಸಿಮಿಲೇಟ್'. ಹೊರಗಿನದನ್ನು ಒಳಗೆ ಸೇರಿಸಿಕೊಂಡು ತನ್ನದಾಗಿಸಿಕೊಳ್ಳುವುದು ಎಂದು ಪಂಡಿತರು ಬರೆದಿದ್ದರು. ಓದಿ ಅವಳಿಗೆ ನಗು ಬಂತು, ಹಿಂದೆಯೇ ಸಂಕಟವೂ ಆಯಿತು.

ಅವಳು ನಲವತ್ತರ ಹತ್ತಿರ ಮದುವೆಯಾಗಿ, ಹೆಂಡತಿ ತೀರಿಕೊಂಡಿದ್ದ ಒಬ್ಬ ಕನ್ನಡಕದಂಗಡಿಯವನ ಮನೆ ಸೇರಿ ಹನ್ನೊಂದು ತಿಂಗಳಾಗಿತ್ತು. ಗಂಡ ದೇವರಂಥವನು. ಅವನ ಹದಿಮೂರು ವರ್ಷದ ಮಗಳೂ ಕೆಟ್ಟವಳಲ್ಲ. ಎದುರುತ್ತರ ಕೊಟ್ಟವಳಲ್ಲ, ತಟ್ಟೆ ನೂಕಿದವಳಲ್ಲ. ಆದರೆ ಇವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಅಮ್ಮ ಬೇಡ, ಚಿಕ್ಕಮ್ಮ ಅನ್ನಬಹುದಿತ್ತು, ಹೋಗಲಿ ಆಂಟಿಯಾದರೂ ಅನ್ನಬಹುದಿತ್ತು. "ನೋಡಿ, ಟವೆಲ್ ಎಲ್ಲಿದೆ?" "ನೋಡಿ, ಅಪ್ಪ ಫೋನ್ ಮಾಡಿದ್ರು." ನೋಡಿ ನೋಡಿ ಎಂಬುದರಲ್ಲೇ ವರ್ಷ ತುಂಬುತ್ತ ಬಂದಿತ್ತು. ಒಂದು ಸಲ, ಒಂದೇ ಒಂದು ಸಲ, ಶಾಲೆಯಿಂದ ಬಂದವಳು ಬಾಗಿಲಲ್ಲೇ ಬ್ಯಾಗು ಎಸೆದು ತನ್ನನ್ನು ಏನಾದರೂ ಅಂದು ಕೂಗಲಿ ಎಂದು ಜೀವ ಹಂಬಲಿಸುತ್ತಿತ್ತು.

ಸೋಮವಾರ ಊಟಕ್ಕೆ ಕೂತಾಗ ಹುಡುಗಿ ಅಪ್ಪನಿಗೆ ತನ್ನ ಕ್ಲಾಸಿನ ಕಥೆ ಹೇಳುತ್ತಿದ್ದಳು. "ಆ ಹೊಸ ಹುಡುಗೀನ ಗುಂಪಿಗೆ ಸೇರಿಸ್ಕೊಂಡು, ಇವಳು ನಮ್ಮೋಳು ಅಂದ್ಕೊಳ್ಳೋಕೆ ಒಂದು ವರ್ಷ ಬೇಕಾಯ್ತಪ್ಪ."

ಕಾರ್ಡಮ್ಮನ ಕಿವಿ ನೆಟ್ಟಗಾಯಿತು. ಕೈ ತೊಳೆದದ್ದೇ ಓಡಿಹೋಗಿ ಕಾರ್ಡಿಗೆ ಇಳಿಸಿದಳು. ಅದೇ ಓಟದಲ್ಲಿ ಕಾರ್ಡು ತಿರುಗಿಸಿ, ಹೇಳಿದವರು ಎಂಬಲ್ಲಿ 'ಮಗಳು' ಎಂದು ಬರೆದುಬಿಟ್ಟಳು. ಬರೆದ ಮೇಲೆ ನೆನಪಾಯಿತು.

ಸಹಿ ಬೇಕಲ್ಲ! ಕಾರ್ಡು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೊಡೆದುಹಾಕಿ 'ಗಂಡನ ಮಗಳು' ಎಂದು ಬರೆಯೋಣವೆಂದರೆ ಪೆನ್ನು ಏಳದು. ಹಾಗೇ ತೋರಿಸೋಣವೆಂದರೆ ಧೈರ್ಯ ಸಾಲದು. ನಾಲ್ಕು ದಿನ ಚೀಲದಲ್ಲೇ ಇಟ್ಟುಕೊಂಡು ತಿರುಗಿದಳು. ಶುಕ್ರವಾರ ಬೆಳಿಗ್ಗೆ, ಹುಡುಗಿ ಷೂ ಲೇಸು ಕಟ್ಟುತ್ತಿದ್ದಾಗ, ಕಾರ್ಡು ಕೊಟ್ಟಳು.

"ನೀನು ಹೇಳಿದ್ದೇ, ನಮ್ಮ ಆಫೀಸಿಗೆ ಬೇಕು. ಹಿಂದುಗಡೆ ಸಹಿ ಹಾಕ್ತೀಯಾ? ತಪ್ಪಿದ್ರೆ ತಿದ್ದು, ನಾನೇನೂ ಅಂದ್ಕೊಳಲ್ಲ."

ಹುಡುಗಿ ಓದಿದಳು. ಹಿಂದಕ್ಕೆ ತಿರುಗಿಸಿದಳು. ಅಲ್ಲಿ ಅವಳ ಕಣ್ಣು ತುಂಬ ಹೊತ್ತು ನಿಂತಿತು.

"ಇದು ತಪ್ಪು," ಎಂದಳು.

ಕಾರ್ಡಮ್ಮ ಪೆನ್ನು ಮುಂದೆ ಚಾಚಿದಳು. "ತಿದ್ದಮ್ಮ."

ಹುಡುಗಿ ಕಾರ್ಡನ್ನು ಮತ್ತೆ ಮುಂದಕ್ಕೆ ತಿರುಗಿಸಿ, 'ಒಂದು ವರ್ಷ' ಎಂಬುದನ್ನು ಹೊಡೆದು, ಮೇಲೆ 'ಹತ್ತು ತಿಂಗಳು' ಎಂದು ಬರೆದಳು. "ಅವಳು ಬಂದು ಇನ್ನೂ ವರ್ಷ ಆಗಿಲ್ಲ. ನಾನೇ ಸುಮ್ನೆ ಜಾಸ್ತಿ ಹೇಳಿದ್ದೆ." ಆಮೇಲೆ ಹಿಂಬದಿಯಲ್ಲಿ, 'ಮಗಳು' ಎಂಬುದರ ಕೆಳಗೆ, ದುಂಡಗೆ ಸಹಿ ಹಾಕಿದಳು. "ನೋಡಿ, ಪೆನ್ನು ಇಲ್ಲಿಟ್ಟಿದೀನಿ," ಎಂದು ಬ್ಯಾಗು ಹೆಗಲಿಗೇರಿಸಿ ಹೊರಟೇಹೋದಳು.

ಮತ್ತದೇ ನೋಡಿ. ಕಾರ್ಡಮ್ಮ ಬಾಗಿಲಲ್ಲಿ ನಿಂತು, ಅವಳು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು.

ಕಚೇರಿಯಲ್ಲಿ ಸಂಪಾದಕರು ಪೆಟ್ಟಿಗೆ ಮುಂದಿಟ್ಟುಕೊಂಡು ಕೂತಿದ್ದರು. "ಅಸಿಮಿಲೇಟ್ ಎಲ್ಲಮ್ಮ?"

"ಯಾರೂ ಹೇಳಿದ್ದು ಕಿವಿಗೆ ಬೀಳ್ಲಿಲ್ಲ ಸಾರ್. ಇನ್ನೊಂದು ವಾರ ಕೊಡಿ," ಎಂದಳು.

ಹದಿನಾಲ್ಕು ವರ್ಷದಲ್ಲಿ ಆ ಕಚೇರಿಯಲ್ಲಿ ಅವಳಾಡಿದ ಮೊದಲ ಸುಳ್ಳು ಅದು. ಕಾರ್ಡು ಅವಳ ಪರ್ಸಿನಲ್ಲಿತ್ತು.