ಫಿಯಾಟಿನ ಅಡಿಯಲ್ಲಿ

ಬಸಪ್ಪನ ಹಳೇ ಫಿಯಾಟು ಕಾರು ಪೆಟ್ರೋಲ್ ಸೋರತೊಡಗಿತ್ತು. ಈಗಿನ ಎಥೆನಾಲ್ ಬೆರೆತ ಪೆಟ್ರೋಲು ಅದರ ರಬ್ಬರ್ ಪೈಪುಗಳನ್ನು ತಿಂದುಹಾಕಿತ್ತು. ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಅಂಟುತ್ತಿದ್ದವು. ಹೊಸ ಪೈಪು, ಹೊಸ ಫಿಲ್ಟರ್ ತಂದುಕೊಂಡು ಆತ ಶಿರಸಿಯ ಬನವಾಸಿ ರಸ್ತೆಯ ಮನೆಯ ಶೆಡ್ಡಿನಲ್ಲಿ ತಾನೇ ಕೆಲಸಕ್ಕಿಳಿದ. ಮಗ ಸುಭಾಷ್ ತಾಯಿಯನ್ನು ಕರೆದುಕೊಂಡು ಸಿದ್ದಾಪುರಕ್ಕೆ ಹೋಗಿದ್ದ. ಮನೆಯಲ್ಲಿದ್ದವಳು ಸೊಸೆ ಪ್ರತಿಭಾ ಒಬ್ಬಳೇ.

ಅವಳು ಯಲ್ಲಾಪುರದವಳು, ಬೇರೆ ಜಾತಿ. ಮಗ ಹೇಳದೆ ಕೇಳದೆ ರಿಜಿಸ್ಟರ್ ಮದುವೆಯಾಗಿ ಕರೆತಂದ ದಿನದಿಂದ ಬಸಪ್ಪ ಅವಳೊಡನೆ ಮಾತಾಡಿರಲಿಲ್ಲ. ಅವಳು ಬಾಯಿ ತೆರೆದರೆ ಸಾಕು, ಟವೆಲ್ಲು ಹೆಗಲಿಗೇರಿಸಿ ಎದ್ದು ಹೊರಟುಬಿಡುತ್ತಿದ್ದ.

ಮೊದಲು ಟ್ಯಾಂಕ್ ಖಾಲಿ ಮಾಡಬೇಕಿತ್ತು, ಜಾಕಿನ ಪಕ್ಕ ಮರದ ದಿಮ್ಮಿಯ ಆಸರೆ ಕೊಡಬೇಕಿತ್ತು. ಇದೇನು ಮಹಾ ಕೆಲಸ ಎಂದು ಎರಡನ್ನೂ ಬಿಟ್ಟ. ಗಾಡಿಯ ಅಡಿಗೆ ತೂರಿ ಪೈಪು ಎಳೆದದ್ದೇ ತಡ, ಜಾಕ್ ವಾಲಿತು. ಕಬ್ಬಿಣ ಎದೆಯ ಮೇಲೆ ಒತ್ತಿ ಕೂತಿತು. ಬಲಗೈ ಮೈಯಡಿ ಸಿಕ್ಕಿಕೊಂಡಿತು, ಉಸಿರು ಅರ್ಧ ಮಾತ್ರ ಒಳಗೆ ಹೋಗುತ್ತಿತ್ತು. ಪೆಟ್ರೋಲು ಕತ್ತಿನ ಮೇಲೆ ಸುರಿಯತೊಡಗಿದಾಗ ಎಡಗೈ ಹೆಬ್ಬೆರಳಿನಿಂದ ಪೈಪಿನ ಬಾಯಿ ಮುಚ್ಚಿದ. ಆದರೂ ಜಿನುಗಿದ್ದು ಬೆಳಕಿಗೆಂದು ತಲೆಯ ಹತ್ತಿರ ನೆಲದ ಮೇಲಿಟ್ಟಿದ್ದ ಬಲ್ಬಿನ ಕಡೆಗೆ ಮೆಲ್ಲಗೆ ಹರಿಯುತ್ತಿತ್ತು.

“ಸುಭಾಷ್” ಎಂದು ಕೂಗಿದ. ಮಗ ಊರಲ್ಲಿಲ್ಲವೆಂದು ಗೊತ್ತಿದ್ದೂ ಮತ್ತೆ ಮತ್ತೆ ಅದೇ ಹೆಸರು. ಇನ್ನೊಂದು ಹೆಸರು ನಾಲಿಗೆಗೆ ಬರಲಿಲ್ಲ.

ಶೆಡ್ಡಿನ ಬಾಗಿಲಲ್ಲಿ ಎರಡು ಪಾದ ಕಾಣಿಸಿದವು. ಪ್ರತಿಭಾ ಬಗ್ಗಿ ನೋಡಿದಳು.

“ಅವ್ರಿಲ್ಲ. ನಾನಿದೀನಿ.”

ಅವಳ ಕೈ ಬಲ್ಬಿನ ಸ್ವಿಚ್ಚಿನತ್ತ ಹೋದದ್ದು ಕಂಡು ಅವನ ಬಾಯಿಂದ ಮಾತು ಹೊರಬಿತ್ತು.

“ಅದನ್ನ ಮುಟ್ಟಬ್ಯಾಡ ಪ್ರತಿಭಾ, ಕಿಡಿ ಹಾರತೈತಿ. ಮನಿಯೊಳಗ ಮೇನ್ ಸ್ವಿಚ್ ತಗಿ.”

ಬಲ್ಬ್ ಆರಿತು. ಅವಳು ದೂರ ನಿಂತು ಸಾಮಿಲ್ಲಿನ ವೀರಪ್ಪನಿಗೆ ಫೋನ್ ಮಾಡಿದಳು. ದೊಡ್ಡ ಜಾಕ್ ತರುತ್ತೇನೆ, ಸ್ವಲ್ಪ ಹೊತ್ತಾಗುತ್ತದೆ ಎಂದನಂತೆ. ವಾಪಸು ಬಂದವಳು ಗಾಡಿ ಇನ್ನೂ ಇಳಿಯದಿರಲೆಂದು ಸ್ಟೆಪ್ನಿ ಉರುಳಿಸಿ ತಂದು ಅಡಿಗೆ ಕೊಟ್ಟಳು. ಆಮೇಲೆ ಬೋರಲು ಮಲಗಿ ಕೈ ಚಾಚಿ, ಜೋಮು ಹಿಡಿದ ಅವನ ಬೆರಳು ಸರಿಸಿ ಪೈಪಿನ ಬಾಯಿಗೆ ತನ್ನ ಹೆಬ್ಬೆರಳು ಇಟ್ಟಳು.

ಬೆರಳು ಒತ್ತಿ ಹಿಡಿದೇ ಅವಳು ಮಾತಾಡಿದಳು.

“ಮಾವ, ನಿಮಗೆ ಈಗ ಹ್ಯಾಂಗಾಗ್ತಾ ಇದೆಯೋ, ಈ ಮನೆಯೊಳಗೆ ನಂಗೆ ದಿನಾ ಹಾಂಗೇ ಆಗ್ತದೆ.”

ಎದ್ದು ಹೋಗುವ ಹಾಗಿರಲಿಲ್ಲ. ಮುಖ ತಿರುಗಿಸಲೂ ಜಾಗವಿರಲಿಲ್ಲ. ಅವಳು ದನಿ ಎತ್ತದೆ ಹೇಳುತ್ತಾ ಹೋದಳು. ಒಮ್ಮೆ ಅವಳ ಅಪ್ಪ ಬಾಳೆಗೊನೆ ಹೊತ್ತು ತಂದು ಜಗುಲಿಯಲ್ಲಿ ಕಾದಿದ್ದರಂತೆ. ಬಸಪ್ಪ ಅವರನ್ನು ಮಾತಾಡಿಸದೆ ದಾಟಿಕೊಂಡು ಹೋಗಿದ್ದನಂತೆ. ಅಪ್ಪ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಬಸಪ್ಪನಿಗೆ ಅದು ನೆನಪಿತ್ತು.

“ಬೆರಳು ಉರೀತೈತೇನು?” ಎಂದ, ಅವಳ ಹೆಬ್ಬೆರಳು ನೋಡುತ್ತ.

“ಉರೀತದೆ. ಬಿಡೋದಿಲ್ಲ.”

ವೀರಪ್ಪ ಆಳುಗಳನ್ನು ಕರೆದುಕೊಂಡು ಬಂದು ಗಾಡಿ ಎತ್ತಿಸಿದ. ಬಸಪ್ಪನ ಪಕ್ಕೆಲುಬು ಬಿರುಕು ಬಿಟ್ಟಿತ್ತು. ಪ್ರತಿಭಾಳ ಹೆಬ್ಬೆರಳ ಚರ್ಮ ಸುಲಿದುಹೋಯಿತು.

ನೋವು ಇಳಿದ ಮೇಲೆ ಉಳಿದ ಕೆಲಸವನ್ನು ಇಬ್ಬರೂ ಸೇರಿ ಮುಗಿಸಿದರು. ಮಾತು ಹೆಚ್ಚೇನಿರಲಿಲ್ಲ, ಸ್ಪ್ಯಾನರ್ ಕೊಡು, ಕ್ಲಿಪ್ ಬಿಗಿ ಮಾಡು, ಅಷ್ಟೇ. ಗಾಡಿ ಶುರುವಾದಾಗ ಎಲ್ಲಿಗೆ ಹೋಗೋಣವೆಂದು ಅವನೇ ಕೇಳಿದ. ಯಲ್ಲಾಪುರಕ್ಕೆ ಎಂದಳು. ಅವನು ಗೇರು ಹಾಕಿ ಆ ರಸ್ತೆಗೇ ತಿರುಗಿಸಿದ.

ಅವಳ ಅಪ್ಪ ಬಾಗಿಲಿಗೆ ಬಂದರು, ಆದರೆ ಒಳಗೆ ಬನ್ನಿ ಎನ್ನಲಿಲ್ಲ. ಬಸಪ್ಪ ಗಾಡಿಯ ಕೀಲಿ ಹಿಡಿದು ಅಂಗಳದಲ್ಲೇ ನಿಂತ. ಹೇಳಬೇಕೆಂದುಕೊಂಡು ಬಂದದ್ದು ಬಿಟ್ಟು ಗಾಡಿಯ ಕಡೆ ಕೈ ತೋರಿಸಿದ.

“ಪೈಪು, ಫಿಲ್ಟರ್ ಎಲ್ಲಾ ಹೊಸಾವ ಹಾಕೇವ್ರಿ,” ಎಂದ. “ನಾನೂ ನಿಮ್ಮ ಮಗಳೂ ಕೂಡಿ.”

ಅವರು ಗಾಡಿ ನೋಡಿದರು, ಮಗಳ ಮುಖ ನೋಡಿದರು. ಆಮೇಲೆ ಒಳಗಿನಿಂದ ಒಂದು ಕುರ್ಚಿ ತಂದು ಜಗುಲಿಯ ಮೇಲಿಟ್ಟರು.