ಪಿಂಚಣಿಗೆ ಎರಡು ತಿಂಗಳು

ಶಾಸಕನಾಗಿ ನಾಲ್ಕು ವರ್ಷ ದಾಟಿದ್ದರೂ ಬೀದಿಯವರಿಗೆಲ್ಲ ಅವನು ಇನ್ನೂ ಕಂಡಕ್ಟರೇ. ಅದರಲ್ಲಿ ಅವನಿಗೆ ಬೇಸರವೇನೂ ಇರಲಿಲ್ಲ. ಆ ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ನೆಲದ ಮೇಲೆ ಕೂತು ಹೆಂಡತಿಯ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. ಅವಳು ಶಾಲಾ ಸಮವಸ್ತ್ರದ ಬಟ್ಟೆ ಹರವಿಕೊಂಡು ಕತ್ತರಿಸುತ್ತಿದ್ದಳು. ಆಗ ಪಕ್ಷದ ಮುಖಂಡರ ಫೋನು ಬಂತು.

ಸರ್ಕಾರ ಬಹುಮತ ಕಳೆದುಕೊಂಡು ವಾರಗಳಾಗಿದ್ದವು. ಆಸ್ಪತ್ರೆಗೆ ವೈದ್ಯರನ್ನು ನೇಮಿಸುವ ಆದೇಶಕ್ಕೂ ಸಹಿ ಬೀಳುತ್ತಿರಲಿಲ್ಲ. ಕೂಡಲೇ ವಿಧಾನಸಭೆ ವಿಸರ್ಜಿಸಿ ಚುನಾವಣೆಗೆ ಹೋಗಬೇಕೋ, ಮಳೆಗಾಲ ಕಳೆಯುವವರೆಗೆ ಎಳೆಯಬೇಕೋ ಎಂದು ಮರುದಿನ ಶಾಸಕರು ಮತ ಹಾಕಬೇಕಿತ್ತು. ಮೊದಲ ಸಲ ಗೆದ್ದವರಿಗೆ ಪಿಂಚಣಿಯ ಅರ್ಹತೆ ಬರಲು ಇನ್ನೆರಡು ತಿಂಗಳು ಬಾಕಿ. ಎಳೆದರೆ ಪಿಂಚಣಿ ಉಂಟು, ಈಗಲೇ ಹೊರಟರೆ ಇಲ್ಲ.

"ಎರಡೂ ಕಡೆಯವರು ಒಪ್ಪಿದ್ದಾರಂತೆ" ಎಂದ ಅವನು ಫೋನು ಕೆಳಗಿಟ್ಟು. "ಮಳೆ, ಮಕ್ಕಳ ಪರೀಕ್ಷೆ ಅಂತ ಕಾರಣ ಕೊಡ್ತಾರಂತೆ. ಪಿಂಚಣಿ ಅನ್ನೋ ಮಾತು ಮಾತ್ರ ಯಾರೂ ಎತ್ತಬಾರದಂತೆ."

"ಎತ್ತದಿದ್ರೆ ಬೇಡ. ಬಂದ್ರೆ ಸಾಕು" ಎಂದಳು ಅವಳು.

ಅವಳ ಮಾತಿನ ಹಿಂದೆ ಹಳೆಯ ಸಿಟ್ಟಿತ್ತು. ಬಸ್ಸಿನ ಕೆಲಸಕ್ಕೆ ಪಿಂಚಣಿ ಸಿಗಲು ಎರಡೇ ವರ್ಷ ಉಳಿದಿದ್ದಾಗ ಅವನು ರಾಜೀನಾಮೆ ಕೊಟ್ಟು ಚುನಾವಣೆಗೆ ನಿಂತಿದ್ದ. ಕೊಟ್ಟು ಬಂದ ಮೇಲೆ ಅವಳಿಗೆ ಹೇಳಿದ್ದ.

ಮಧ್ಯಾಹ್ನ ಅವಳ ಅಣ್ಣ ಬಂದ. ಇಪ್ಪತ್ತು ವರ್ಷ ಕಂಡಕ್ಟರನ ಜೊತೆ ಒಂದೇ ಬಸ್ಸು ಓಡಿಸಿದ ಡ್ರೈವರ್ ಅವನು. ಸ್ನೇಹ ಬೆಳೆದು, ತಂಗಿಯನ್ನೇ ಕೊಟ್ಟಿದ್ದ. ಇಬ್ಬರೂ ಮಾತಿಗೆ ಕೂತರೆ ಆ ಹಳೆಯ ಬಸ್ಸು ಮತ್ತೆ ಹೊರಡದೇ ಇರುತ್ತಿರಲಿಲ್ಲ. ಹಗ್ಗ ಕಟ್ಟಿದ ಹಿಂಬಾಗಿಲು, ಗುದ್ದಿದರೆ ಮಾತ್ರ ಕೂಗುವ ಹಾರ್ನು, ಬೆಟ್ಟದ ಬುಡದ ಚಹಾದಂಗಡಿ, ಸಂಜೆಯ ಬಿಸಿಲು ಬಿದ್ದು ಕೆಂಪಾಗುತ್ತಿದ್ದ ಕಿಟಕಿಗಳು. ಆ ದಿನಗಳು ಕಷ್ಟದವೇ. ಆದರೂ ಅವು ಹೋದವಲ್ಲ ಎಂದು ಇಬ್ಬರೂ ಮರುಗುತ್ತಿದ್ದರು.

"ನಮ್ಮ ಮೇಷ್ಟ್ರು ನೆನಪಿದ್ದಾರಾ?" ಎಂದ ಡ್ರೈವರ್. ಮೇಷ್ಟ್ರು ಎಂದರೆ ಆಗಿನ ಶಾಸಕರು. ಪಾಸು ತೋರಿಸಿ, ಶಾಸಕರಿಗೆಂದು ಮೀಸಲಿಟ್ಟ ಸೀಟಿನಲ್ಲಿ ಕೂತು ಓಡಾಡುತ್ತಿದ್ದವರು.

"ಮರೆಯೋಕಾಗುತ್ತಾ ಭಾವ? ಚಹಾದಂಗಡಿ ರೇಡಿಯೋದಲ್ಲಿ ಸಭೆ ವಿಸರ್ಜನೆ ಆಯ್ತು ಅಂತ ಬಂತು. ಬಸ್ಸು ಹತ್ತಿದವರೇ ಹಿಂದೆ ಹೋಗಿ ಕಂಬಿ ಹಿಡ್ಕೊಂಡು ನಿಂತ್ರು. ಇಲ್ಲಿಂದ ನಮ್ಮೂರಿಗೆ ಒಂದು ಟಿಕೆಟ್ ಕೊಡಪ್ಪ ಅಂದ್ರು."

"ನೀನು, 'ಪಾಸಿದೆಯಲ್ಲ ಸರ್' ಅಂದೆ."

"ಪಾಸು ಶಾಸಕರದ್ದು, ನಾನು ಚಹಾ ಕುಡಿಯೋಷ್ಟರಲ್ಲಿ ಮಾಜಿ ಆಗ್ಬಿಟ್ಟೆ ಅಂದ್ರು!"

ಡ್ರೈವರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕಂಡಕ್ಟರನೂ ನಕ್ಕ. ಆಮೇಲೆ ಮೆಲ್ಲಗೆ, "ಬಸ್ಸು ಕಿಕ್ಕಿರಿದಿತ್ತು ಭಾವ. ಆದ್ರೂ ಊರು ಬರೋವರೆಗೆ ಆ ಸೀಟಲ್ಲಿ ಯಾರೂ ಕೂರಲಿಲ್ಲ" ಎಂದ.

ಅವಳು ಕತ್ತರಿ ಕೆಳಗಿಟ್ಟಳು. "ಕೇಳೋಕೆ ಚೆಂದ. ಅವರ ಶರ್ಟಿನ ಸವೆದ ಕಾಲರ್ ಬಿಚ್ಚಿ, ತಿರುಗಿಸಿ ಹೊಲಿದುಕೊಡ್ತಿದ್ದೋಳು ನಾನು. ಆಮೇಲೆ ಮನೆ ನಡೆಯದೆ ಅವರ ಹೆಂಡತಿ ಇದೇ ಬಾಗಿಲಲ್ಲಿ ಕೂತು ಅತ್ತಿದ್ದನ್ನ ನೋಡಿದೋಳೂ ನಾನೇ. ಅದನ್ನ ಯಾರೂ ಕಥೆ ಮಾಡಿ ಹೇಳಲ್ಲ."

"ಅವಳು ಹೇಳೋದೂ ಸರಿ ಕಣಯ್ಯ" ಎಂದ ಡ್ರೈವರ್. "ತಿಂಗಳು ತಿಂಗಳು ಪಿಂಚಣಿ ಬರದಿದ್ರೆ ನಮ್ಮನೆಯವಳು ನನ್ನ ಒಳಗೆ ಸೇರಿಸ್ತಾಳಾ? ಎಲ್ಲರೂ ತಗೊಳ್ತಾರೆ, ನೀನೂ ತಗೋ."

ಅಣ್ಣ ಹೋದ ಮೇಲೆ ಕಂಡಕ್ಟರ್ ಹೆಂಡತಿಯ ಎದುರು ಬಂದು ಕೂತ. "ನೀನೇ ಹೇಳು, ಏನು ಮಾಡ್ಲಿ?"

"ಯಾವತ್ತು ನನ್ನ ಕೇಳಿದ್ದೀರಿ?"

"ಇವತ್ತು ಕೇಳ್ತಿದ್ದೀನಿ."

"ಹಾಗಾದ್ರೆ ಕೇಳಿ. ನನಗೆ ಪಿಂಚಣಿ ಬೇಕು. ಈ ಮೊಣಕಾಲು ಇಟ್ಕೊಂಡು ಇನ್ನೆಷ್ಟು ವರ್ಷ ಮಷಿನ್ ತುಳೀಲಿ?"

ಅವನು ತಲೆಯಾಡಿಸಿದ. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಮರುದಿನ ಅವಳು ಟಿವಿ ಹಾಕಿಕೊಂಡು ಹೊಲಿಯುತ್ತಿದ್ದಳು. ಒಬ್ಬರಾದ ಮೇಲೆ ಒಬ್ಬರು ಎದ್ದು ಮಳೆಯ ಬಗ್ಗೆ ಕಳವಳಪಟ್ಟರು. ಮಕ್ಕಳ ಪರೀಕ್ಷೆ ನೆನೆದು ಒಬ್ಬರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಅವಳ ಗಂಡ ಎದ್ದುನಿಂತ.

"ಅಧ್ಯಕ್ಷರೇ, ಮಳೆ ವಿಷಯ ನನಗೆ ಗೊತ್ತಿಲ್ಲ. ನನ್ನ ಪಿಂಚಣಿಗೆ ಎರಡು ತಿಂಗಳು ಕಡಿಮೆ ಇದೆ. ಆ ಹಣ ನನಗೂ ನನ್ನ ಹೆಂಡತಿಗೂ ಬೇಕೇ ಬೇಕು. ಅದಕ್ಕೇ ನಾನು ಮುಂದೂಡೋ ಪರವಾಗಿ ಕೈ ಎತ್ತಬಾರದು."

ಎಲ್ಲಿಂದಲೋ ಒಬ್ಬ "ಟಿಕೆಟ್, ಟಿಕೆಟ್!" ಎಂದು ರಾಗವಾಗಿ ಕೂಗಿದ. ಇನ್ನೊಬ್ಬ ಸೀಟಿ ಹೊಡೆದ. ಎರಡೂ ಕಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚುನಾವಣೆ ಮಳೆಗಾಲದ ಆಚೆಗೆ ಹೋಯಿತು.

ಸಂಜೆ ಅವನು ಬಾಗಿಲಲ್ಲಿ ಚಪ್ಪಲಿ ಬಿಡಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. "ನಿನ್ನ ಮಾತು ಮೀರಿದೆ. ಆದ್ರೆ ಗೆದ್ದವರು ಅವರೇ. ಪಿಂಚಣಿ ಹೇಗೂ ಬರುತ್ತೆ ಬಿಡು."

"ಟಿಕೆಟ್ ಅಂತ ಕೂಗಿದವನು ಯಾರು?"

"ಯಾವನೋ. ಹೋಗ್ಲಿ ಬಿಡೇ."

"ಬಿಡಲ್ಲ!" ಎಂದಳು ಅವಳು. ಧೂಳು, ಡೀಸೆಲ್ಲು ಮೆತ್ತಿದ ಆ ಕಂಡಕ್ಟರ್ ಅಂಗಿಯನ್ನು ವರ್ಷಗಟ್ಟಲೆ ಒಗೆದ ಕೈ ಅವಳದು. "ಆ ಕೆಲಸ ನಮಗೆ ಅನ್ನ ಹಾಕಿದೆ. ಅದನ್ನ ಆಡಿಕೊಂಡು ನಕ್ಕವರ ಜೊತೆ ಸಾಲಲ್ಲಿ ನಿಂತು ನಾವು ಪಿಂಚಣಿ ತಗೋಬೇಕಾ?"

"ಮತ್ತೇನು ಮಾಡೋದು?"

ಅವಳು ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಬಾಚಿ ಮಂಚಕ್ಕೆ ಹಾಕಿ, ಕುರ್ಚಿ ಎಳೆದುಕೊಟ್ಟಳು. "ಆಗ ನನ್ನ ಕೇಳದೆ ರಾಜೀನಾಮೆ ಕೊಟ್ರಿ. ಈ ಸಲ ನಾನೇ ಹೇಳ್ತಿದ್ದೀನಿ. ಆ ಎರಡು ತಿಂಗಳು ತುಂಬೋ ಮೊದಲೇ ಹೊರಗೆ ಬನ್ನಿ. ಕೂತು ಬರೀರಿ."

"ನಿನ್ನ ಮೊಣಕಾಲು?"

"ಮೊಣಕಾಲು ನಂದು. ನೀವು ಬರೀರಿ."

ಅವನು ಬರೆದ. ಅವಳು ಪಕ್ಕದಲ್ಲೇ ನಿಂತು ಓದಿ, ಕಾಗದ ಮಡಚಿ ಅವನ ಜೇಬಿಗಿಟ್ಟಳು. "ನಾಳೆಯಿಂದ ಸಮವಸ್ತ್ರಕ್ಕೆ ಗುಂಡಿ ಹಾಕೋದು ನಿಮ್ಮ ಕೆಲಸ. ಸೂಜಿಗೆ ದಾರ ಪೋಣಿಸೋಕಾದ್ರೂ ಬರುತ್ತಾ?"

"ಬರಲ್ಲ" ಎಂದ ಅವನು. "ಹೇಳಿಕೊಡು."