ಇಪ್ಪತ್ತೆಂಟನೆಯ ದಿನದ ಬೊಂಬೆ

ನಾನು ಬೆನ್ನು ಮಾಡುವವನು. ಹೃದಯ, ಮೂತ್ರಪಿಂಡ, ಕಿವಿಯೊಳಗಿನ ಶಂಖ ಎಲ್ಲವನ್ನೂ ಮಾಡುತ್ತೇನೆ, ಆದರೆ ಯಾರಾದರೂ ಕಸುಬು ಕೇಳಿದರೆ ಬೆನ್ನು ಮಾಡುತ್ತೇನೆ ಎಂದೇ ಹೇಳುವುದು. ವೈದ್ಯಕೀಯ ಕಾಲೇಜಿನ ಹಿಂದಿನ ಗಲ್ಲಿಯಲ್ಲಿ ನನ್ನ ಕಾರ್ಖಾನೆ. ಕಾರ್ಖಾನೆ ಎಂದರೆ ಎರಡು ಕೋಣೆ. ಹೊರಗಿನದರಲ್ಲಿ ನಾನು ಪ್ಲಾಸ್ಟರ್ ಕಲಸಿ ರಬ್ಬರಿನ ಅಚ್ಚಿಗೆ ಹೊಯ್ಯುತ್ತೇನೆ. ಒಳಗಿನದರಲ್ಲಿ ಮಗಳು ಬಣ್ಣ ಹಚ್ಚುತ್ತಾಳೆ. ಶುದ್ಧ ರಕ್ತದ ನಾಳಕ್ಕೆ ಕೆಂಪು, ಅಶುದ್ಧ ರಕ್ತದ್ದಕ್ಕೆ ನೀಲಿ, ನರಕ್ಕೆ ಹಳದಿ. ಮಿದುಳಿನಿಂದ ಇಳಿದು ಬರುವ ಬಳ್ಳಿ, ಅದರ ಎರಡೂ ಕಡೆ ಮೂವತ್ತೊಂದು ಜೊತೆ ನರ, ಕೊನೆಯಲ್ಲಿ ಕುದುರೆಯ ಬಾಲದಂತಹ ಕುಚ್ಚು. ಅವಳು ಅದನ್ನು ಕೂದಲೆಳೆಯ ಕುಂಚದಲ್ಲಿ ಒಂದೂ ತಪ್ಪದಂತೆ ಬರೆಯುತ್ತಾಳೆ.

ಮೂವತ್ತು ವರ್ಷಗಳಿಂದ ಆ ಕಾಲೇಜಿನಿಂದ ಹೊರಬಿದ್ದ ಡಾಕ್ಟರುಗಳೆಲ್ಲ ನನ್ನ ಪ್ಲಾಸ್ಟರ್ ಮುಟ್ಟಿಯೇ ಪಾಸಾದವರು. ಹೀಗೆ ಜಂಬ ಕೊಚ್ಚಿಕೊಳ್ಳುವ ಚಟ ನನಗೆ ಮೊದಲಿನಿಂದಲೂ ಇದೆ. ಆ ಚಟ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಹೇಳುತ್ತೇನೆ.

ನಾನು ಮಾಡುವುದರಲ್ಲಿ ನನಗೆ ತುಂಬ ಬೇಕಾದದ್ದು ಆರು ಬೊಂಬೆಗಳ ಒಂದು ಹಲಗೆ. ತಾಯಿಯ ಹೊಟ್ಟೆಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಿರುವ ಭ್ರೂಣವನ್ನು ಅಂಗೈಯಷ್ಟು ಹಿಗ್ಗಿಸಿ ಮಾಡಿದ್ದು. ಹದಿನೆಂಟನೆಯ ದಿನ ಅದು ಚಪ್ಪಲಿಯ ಅಟ್ಟೆಯಂತೆ ಚಪ್ಪಟೆ. ಇಪ್ಪತ್ತಕ್ಕೆ ಎರಡೂ ಅಂಚು ಎದ್ದು ನಡುವೆ ಕಾಲುವೆ ಬೀಳುತ್ತದೆ. ಇಪ್ಪತ್ತೆರಡಕ್ಕೆ ಅಂಚುಗಳು ಕತ್ತಿನ ಹತ್ತಿರ ಒಂದನ್ನೊಂದು ಮುಟ್ಟಿ ಅಂಟುತ್ತವೆ. ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಹೊಲಿಗೆ ಹಾಕಿದ ಹಾಗೆ ಮುಚ್ಚುತ್ತಾ ಹೋಗುತ್ತವೆ. ಇಪ್ಪತ್ತೈದಕ್ಕೆ ತಲೆಯ ಕಡೆಯ ಬಾಗಿಲು ಮುಚ್ಚಿತು. ಇಪ್ಪತ್ತೆಂಟಕ್ಕೆ ಸೊಂಟದ ಕಡೆಯದು. ಆರನೆಯ ಬೊಂಬೆಯಲ್ಲಿ ಆ ನಾಳದ ಮುಂತುದಿ ಉಬ್ಬಿ ಮಿದುಳಾಗುತ್ತಿರುತ್ತದೆ, ಉಳಿದದ್ದು ಮಿದುಳುಬಳ್ಳಿ. ಮನುಷ್ಯ ಮುಂದೆ ಪಡುವ ನೋವು, ಹಾಕುವ ಹೆಜ್ಜೆ, ಆಡುವ ಮಾತು ಎಲ್ಲದಕ್ಕೂ ಆ ಅಟ್ಟೆಯೇ ಮೂಲ.

ಆ ಹಲಗೆಯನ್ನು ನಾನು ಸುಮ್ಮನೆ ಕಲಿತದ್ದಲ್ಲ. ಮಗಳಿಗಿಂತ ಮೊದಲು ನಮಗೊಬ್ಬ ಮಗ ಹುಟ್ಟಿದ್ದ. ಅವನ ಸೊಂಟದ ಕಡೆಯ ಬಾಗಿಲು ಮುಚ್ಚಿರಲಿಲ್ಲ. ಹನ್ನೊಂದು ದಿನ ಬದುಕಿದ್ದ. ಬೆನ್ನಿಗೆ ಹತ್ತಿ ಇಟ್ಟು ಬೋರಲು ಮಲಗಿಸಿದ್ದರು. ನನಗೆ ಅವನನ್ನು ಎತ್ತಿಕೊಳ್ಳಲು ಧೈರ್ಯ ಬರಲಿಲ್ಲ. ಯಾಕೆ ಹೀಗಾಯಿತು ಎಂದು ಸಿಕ್ಕಸಿಕ್ಕ ಡಾಕ್ಟರನ್ನೆಲ್ಲ ಪೀಡಿಸಿದೆ. ಆಗ ಯಾರೋ ಒಬ್ಬರು ಪುಸ್ತಕ ತೆರೆದು ಆ ಆರು ಚಿತ್ರ ತೋರಿಸಿದರು. ನನ್ನ ತಲೆಯಲ್ಲಿ ಇಪ್ಪತ್ತೆಂಟು ಎಂಬ ಸಂಖ್ಯೆ ಕೂತದ್ದು ಅವತ್ತು.

ಹೆಂಡತಿ ತೀರಿಕೊಂಡು ಆರು ವರ್ಷ. ಅಳಿಯ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೆ ಎಂಟು ತಿಂಗಳು ನೀರಿನ ಮೇಲೆ. ಹಾಗಾಗಿ ಮಗಳು ಬಸುರಿಯಾದ ಸುದ್ದಿಯನ್ನು ಮೊದಲು ಕೇಳಿದವನು ನಾನು. ಆಸ್ಪತ್ರೆಯಿಂದ ನೇರ ಕಾರ್ಖಾನೆಗೆ ಬಂದು, ಚೀಲದಿಂದ ಒಂದು ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಮಾತ್ರೆ ಎಂದರೆ ಅವಳಿಗೆ ಚಿಕ್ಕಂದಿನಿಂದಲೂ ಆಗದು, ಗಂಟಲಿಗೆ ಹೋಗುವ ಮೊದಲೇ ವಾಪಸು ಬರುತ್ತದೆ. ಅವತ್ತೂ ಒಂದನ್ನು ನುಂಗಲು ಹೋಗಿ ದಾರಿಯಲ್ಲೇ ವಾಂತಿ ಮಾಡಿಕೊಂಡಿದ್ದಳು.

"ಅಪ್ಪ, ಇದು ಮಗುವಿನ ಬೆನ್ನಿಗಂತೆ. ತಗೊಳ್ಳಲೇಬೇಕಾ?"

"ಇವತ್ತಿಗೆ ಎಷ್ಟು ದಿನ ಅಂದ್ರು?"

"ಮೂವತ್ತೊಂದು."

ನನಗೆ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಮದುವೆಯಾದಾಗಿನಿಂದ ಅವಳಿಗೆ ಅಣ್ಣನ ವಿಷಯವೇ ಒಂದು ಹೆದರಿಕೆ ಎಂದು ಗೊತ್ತಿತ್ತು. ಹಲಗೆಯನ್ನು ಕಪಾಟಿನಿಂದ ಇಳಿಸಿ ಐದನೆಯ ಬೊಂಬೆಯನ್ನು ಅವಳ ಮುಂದೆ ಹಿಡಿದೆ.

"ನೋಡಿಲ್ಲಿ ಪುಟ್ಟಿ. ಇಪ್ಪತ್ತೆಂಟಕ್ಕೆ ಬಾಗಿಲು ಬಿತ್ತು. ಮೂರು ದಿನ ಆಯ್ತು. ಆಗೋದೆಲ್ಲ ಆಗಿಹೋಗಿದೆ, ಚೆನ್ನಾಗೇ ಆಗಿದೆ. ಬೀಗ ಹಾಕಿದ ಮನೆಗೆ ಈಗ ಕಾವಲು ಯಾಕೆ?"

"ಮತ್ತೆ ಡಾಕ್ಟರ್ ಕೊಟ್ರಲ್ಲ?"

"ಅವರು ಎಲ್ಲರಿಗೂ ಕೊಡ್ತಾರೆ, ಅಭ್ಯಾಸ. ಬೆನ್ನಿನ ವಿಷಯ ನನಗೆ ಹೇಳಿಕೊಡ್ತಾರಾ? ಎರಡು ವಾರ ಹೊಟ್ಟೆಗೆ ಆರಾಮ ಕೊಡು, ಆಮೇಲೆ ನೋಡೋಣ."

ಅವಳು ನಕ್ಕಳು. ಆ ನಗು ನೋಡಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಪಟ್ಟಿಯನ್ನು ಕುಂಚಗಳ ಡ್ರಾಯರಿಗೆ ಹಾಕಿದವನೂ ನಾನೇ.

ಹದಿನಾರು ದಿನ ಕಳೆಯಿತು. ಕಾಲೇಜಿನಲ್ಲಿ ಅಂಗರಚನೆ ಕಲಿಸುವ ಮೇಡಂ ಹೊಸ ಹಲಗೆಗಳನ್ನು ನೋಡಲು ಬಂದರು. ಮಗಳು ಮನೆಗೆ ಹೋಗಿದ್ದಳು. ಮೇಡಂ ಕನ್ನಡಕ ಏರಿಸಿ ಬೊಂಬೆಗಳ ಕೆಳಗೆ ಅಂಟಿಸಿದ್ದ ದಿನದ ಚೀಟಿಗಳನ್ನು ಒಂದೊಂದಾಗಿ ಓದಿದರು.

"ಯಜಮಾನ್ರೇ, ಇದರಲ್ಲಿ ಆಸ್ಪತ್ರೆ ಲೆಕ್ಕಾನೂ ಬರೆದುಬಿಡಿ. ಹುಡುಗರು ಪ್ರತಿ ವರ್ಷ ಇಲ್ಲೇ ಎಡವ್ತಾರೆ."

"ಆಸ್ಪತ್ರೆ ಲೆಕ್ಕ ಅಂದ್ರೆ?"

"ನಮ್ಮ ಪುಸ್ತಕದಲ್ಲಿ ದಿನ ಎಣಿಸೋದು ಗರ್ಭ ಕಟ್ಟಿದ ದಿನದಿಂದ. ಆಸ್ಪತ್ರೆಯಲ್ಲಿ ಕೊನೇ ಸಲ ಮುಟ್ಟಾದ ದಿನದಿಂದ ಎಣಿಸ್ತಾರೆ. ಎರಡು ವಾರದ ವ್ಯತ್ಯಾಸ. ನಿಮ್ಮ ಇಪ್ಪತ್ತೆಂಟು ಅವರಿಗೆ ನಲವತ್ತೆರಡು."

ಕೈಯಲ್ಲಿದ್ದ ಬಟ್ಟಲು ಹಾಗೇ ಇತ್ತು. ಪ್ಲಾಸ್ಟರ್ ಅದರಲ್ಲೇ ಗಟ್ಟಿಯಾಗುತ್ತಿದ್ದುದು ಬೆರಳಿಗೆ ಬೆಚ್ಚಗೆ ತಿಳಿಯುತ್ತಿತ್ತು. ಮೂವತ್ತೊಂದರಲ್ಲಿ ಹದಿನಾಲ್ಕು ಕಳೆದರೆ ಹದಿನೇಳು. ನಾನು ಬಾಗಿಲು ಬಿತ್ತು ಎಂದ ದಿನ ಅಲ್ಲಿ ಬಾಗಿಲೂ ಇರಲಿಲ್ಲ, ಮನೆಯೂ ಇರಲಿಲ್ಲ. ನನ್ನ ಹಲಗೆಯ ಮೊದಲ ಬೊಂಬೆಗೂ ಇನ್ನೂ ಒಂದು ದಿನ ಬಾಕಿಯಿತ್ತು. ಆಮೇಲೆ ಅಟ್ಟೆ ಚಾಚಿದ್ದು, ಅಂಚು ಎದ್ದದ್ದು, ಅಂಟಿದ್ದು, ಮುಚ್ಚಿದ್ದು ಅಥವಾ ಮುಚ್ಚದೆ ಉಳಿದದ್ದು, ಎಲ್ಲವೂ ನಾನು ಆರಾಮ ಕೊಡು ಎಂದ ಆ ಎರಡು ವಾರದಲ್ಲೇ ನಡೆದುಹೋಗಿತ್ತು. ಇವತ್ತಿಗೆ ಮೂವತ್ತಮೂರು. ಮೇಡಂ ಇನ್ನೇನೋ ಹೇಳುತ್ತಿದ್ದರು, ನನ್ನ ಕಿವಿಗೆ ಬೀಳಲಿಲ್ಲ.

ಅವರು ಹೊರಡುವಾಗ ಪರಿಚಯದವರೊಬ್ಬರ ಮಗಳು ಮಾತ್ರೆ ಬಿಟ್ಟಿದ್ದಾಳೆ ಎಂದು ಸುಳ್ಳು ಹೇಳಿ ಕೇಳಿದೆ. ಮಾತ್ರೆ ತೆಗೆದುಕೊಳ್ಳದವರಲ್ಲೂ ಬಹಳ ಮಂದಿಗೆ ಏನೂ ಆಗುವುದಿಲ್ಲ ಎಂದರು. ಮನೆಯಲ್ಲಿ ಮೊದಲು ಯಾರಿಗಾದರೂ ಹಾಗೆ ಆಗಿದ್ದರೆ ಮಾತ್ರ ಸ್ವಲ್ಪ ಹೆಚ್ಚು ಹುಷಾರಾಗಿರಬೇಕು, ಇಪ್ಪತ್ತನೆಯ ವಾರದ ಸ್ಕ್ಯಾನಿಂಗ್‌ನಲ್ಲಿ ಬೆನ್ನು ಚೆನ್ನಾಗಿ ಕಾಣುತ್ತದೆ ಎಂದರು. ನಾನು ತಲೆಯಾಡಿಸಿದೆ.

ಸಂಜೆ ಪಟ್ಟಿಯನ್ನು ಡ್ರಾಯರಿನಿಂದ ತೆಗೆದು ಮನೆಗೆ ಒಯ್ದೆ. ಒಂದೇ ಒಂದು ಗುಳಿ ಖಾಲಿಯಿತ್ತು. "ಇವತ್ತಿಂದ ತಗೋ" ಎಂದೆ. ಯಾಕೆ ಎಂದು ಕೇಳಿದರೆ ಹೇಳಿಬಿಡೋಣ ಎಂದುಕೊಂಡಿದ್ದೆ. ಅವಳು ಕೇಳಲಿಲ್ಲ. ಮೂಗು ಹಿಡಿದುಕೊಂಡು ನುಂಗಿದಳು, ಅವತ್ತು ವಾಂತಿಯೂ ಆಗಲಿಲ್ಲ. ನನಗೆ ಅಳು ಬಂತು, ಕೆಮ್ಮಿದ ಹಾಗೆ ಮಾಡಿ ಹೊರಗೆ ಹೋದೆ.

ಅಲ್ಲಿಂದ ಮೂರು ತಿಂಗಳು ನಾನು ಹೆದರಿಕೊಂಡೇ ಬದುಕಿದೆ. ಊಟಕ್ಕೆ ಕೂತರೆ ಹೆದರಿಕೆ ಪಕ್ಕದಲ್ಲೇ ಕೂರುತ್ತಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಬಸುರಿಯರೆಲ್ಲ ಹಾಗೆ ನಿಲ್ಲುತ್ತಾರೆ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿದ್ದೂ ಬರುತ್ತಿತ್ತು. ಐದನೆಯ ಬೊಂಬೆಯನ್ನು ಅಚ್ಚಿನಿಂದ ಬಿಡಿಸಲು ಆಗುತ್ತಿರಲಿಲ್ಲ. ಬಿಡಿಸುವಾಗ ಸೊಂಟದ ಹತ್ತಿರ ಸ್ವಲ್ಪ ಮುಕ್ಕಾದರೂ ಸಾಕು, ಒಡೆದು ಪುಡಿ ಮಾಡುತ್ತಿದ್ದೆ. ಒಂದೇ ವಾರದಲ್ಲಿ ಒಂಬತ್ತು ಒಡೆದೆ. ಪ್ಲಾಸ್ಟರ್ ಮಾರುವವನ ಜೊತೆ ಮಾಲು ಕಳಪೆ ಎಂದು ಜಗಳ ಕಾದೆ. ಪಾಪ, ಅವನ ಮಾಲು ಯಾವತ್ತಿನಂತೆಯೇ ಇತ್ತು.

ಮಗಳೂ ಬದಲಾದಳು. ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ, ಬಸುರಿಯ ಸಂಕಟ ಎಂದುಕೊಂಡೆ. ಕಪಾಟಿನಲ್ಲಿದ್ದ ಹಲಗೆ ಆಗಾಗ ಗೋಡೆಯ ಕಡೆ ತಿರುಗಿರುತ್ತಿತ್ತು. ಧೂಳು ಒರೆಸುವಾಗ ತಿರುಗಿಸಿರಬೇಕು ಎಂದು ನಾನು ಮತ್ತೆ ಸರಿಯಾಗಿ ಇಡುತ್ತಿದ್ದೆ. ಒಮ್ಮೆ ಕುಂಚ ತೊಳೆಯುತ್ತಾ, ತಲೆ ಎತ್ತದೆ ಕೇಳಿದಳು.

"ಅಪ್ಪ, ಅಣ್ಣನಿಗೆ ನೋವಾಗ್ತಿತ್ತಾ?"

"ಕೆಲಸ ನೋಡು" ಎಂದು ಗದರಿದೆ. ಗದರಿದ್ದು ಅವಳನ್ನಲ್ಲ.

ಇಪ್ಪತ್ತನೆಯ ವಾರ ಬಂತು. ಸ್ಕ್ಯಾನಿಂಗ್ ಕೋಣೆಯ ಹೊರಗೆ ಕಬ್ಬಿಣದ ಬೆಂಚು, ನೀರಿನ ಪೀಪಾಯಿ, ಚೀಟಿ ಕರೆಯುವ ಒಂದು ಕಿಟಕಿ. ನಮ್ಮ ಚೀಟಿ ಹನ್ನೆರಡು. ಏಳನೆಯವರು ಒಳಗಿದ್ದರು. ನೀರು ಕುಡಿದು ಬನ್ನಿ ಎಂದದ್ದಕ್ಕೆ ಮಗಳು ಬಾಟಲಿ ಹಿಡಿದು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಒಳಗೆ ಹೋದ ಮೇಲೆ ಯಾರೋ ಗೊತ್ತಿಲ್ಲದವರ ಬಾಯಿಂದ ಅವಳು ಅದನ್ನು ಕೇಳಬಾರದು ಎನ್ನಿಸಿತು. ಎಂಟನೆಯವರನ್ನು ಕರೆದಾಗ ಬಾಯಿ ತೆರೆದು, ನೀರು ಸಾಕಾ ಎಂದಷ್ಟೇ ಕೇಳಿದೆ. ಒಂಬತ್ತನೆಯವರನ್ನು ಕರೆದಾಗ ಹೇಳಿದೆ.

"ಪುಟ್ಟಿ, ನನ್ನ ಲೆಕ್ಕ ತಪ್ಪಿತ್ತು. ಮಾತ್ರೆ ಬೇಡ ಅಂದೆನಲ್ಲ, ಆಗ ಇನ್ನೂ ಮುಚ್ಚಿರಲಿಲ್ಲ. ಶುರುವೇ ಆಗಿರಲಿಲ್ಲ."

ಅವಳು ಬಾಟಲಿಯ ಮುಚ್ಚಳ ತಿರುಗಿಸಿ ತಿರುಗಿಸಿ ಬಿಗಿ ಮಾಡಿದಳು.

"ಗೊತ್ತು ಅಪ್ಪ."

"ಯಾವಾಗಿಂದ?"

"ಎಂಟನೇ ವಾರದಿಂದ. ಚೆಕಪ್‌ಗೆ ಹೋದಾಗ ನರ್ಸ್ ಲೆಕ್ಕ ಹಾಕಿ ಹೇಳಿದ್ರು. ಮಾತ್ರೆ ತಪ್ಪದೆ ತಗೊಂಡ್ಯಾ ಅಂತ ಕೇಳಿದ್ರು, ಹೂಂ ಅಂದುಬಿಟ್ಟೆ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಮತ್ತೆ ಪ್ಲಾಸ್ಟರ್ ಮುಟ್ತಿರಲಿಲ್ಲ." ಬಾಟಲಿಯನ್ನು ಚೀಲಕ್ಕೆ ಹಾಕಿ, "ಮಾತ್ರೆ ವಾಪಸ್ ಕೊಟ್ಟಾಗ ನೀನು ಕೆಮ್ಮಿದ ಹಾಗೆ ಮಾಡಿ ಹೊರಗೆ ಹೋದೆ. ಯಾಕೆ ಅಂತ ಆಮೇಲೆ ಅರ್ಥ ಆಯ್ತು. ನಿನಗೂ ಗೊತ್ತಾಗಿದೆ, ಹೇಳ್ತಿಲ್ಲ ಅಂತ."

"ಸಿಟ್ಟು ಬರಲಿಲ್ವಾ?"

"ಬಂತು. ಎರಡು ದಿನ ನಿನ್ನ ಮುಖ ನೋಡೋಕಾಗಲಿಲ್ಲ. ಆದ್ರೆ ಮಾತ್ರೆ ಬೇಡ ಅಂತ ಹೇಳಿಸ್ಕೊಳ್ಳೋಕೆ ನಿನ್ನ ಹತ್ರ ಓಡಿ ಬಂದವಳು ನಾನೇ ಅಲ್ವಾ."

ಮೂರು ತಿಂಗಳು ಒಂದೇ ಮನೆಯಲ್ಲಿ, ಒಂದೇ ಮೇಜಿನ ಆಚೆ ಈಚೆ ಕೂತು ನಾವಿಬ್ಬರೂ ಒಂದೇ ಹೆದರಿಕೆಯನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡಿದ್ದೆವು. ನನಗೆ ನಾಚಿಕೆಯಾಯಿತು. ಅವಳ ಕೈ ಹಿಡಿದೆ, ತಣ್ಣಗಿತ್ತು. ಹನ್ನೆರಡು ಎಂದು ಕರೆದರು.

ಒಳಗೆ ಕತ್ತಲೆ, ತಂಪು. ಅವಳು ಮಲಗಿದಳು, ಡಾಕ್ಟರಮ್ಮ ಹೊಟ್ಟೆಗೆ ಲೋಳೆ ಹಚ್ಚಿದರು. ನಾನು ಗೋಡೆಗೆ ಒರಗಿ ನಿಂತೆ. ನನ್ನ ಮುಖ ನೋಡಿ, "ಪೇಷಂಟು ಯಾರು, ನೀವೋ ಅವರೋ? ಕೂತ್ಕೊಳ್ಳಿ" ಎಂದರು. ಕೂರಲಿಲ್ಲ. ಪರದೆಯ ಮೇಲೆ ಮೊದಲು ತಲೆ ಬಂತು, ಅದರೊಳಗೆ ಮಿದುಳಿನ ಎರಡು ಹೋಳು. ತಲೆಯ ಕಡೆಯ ಬಾಗಿಲು ಸರಿಯಾಗಿದೆ. ಹೃದಯ ಪಟಪಟ ಬಡಿಯುತ್ತಿತ್ತು. ಆಮೇಲೆ ಮಗು ಮಗ್ಗುಲಾಯಿತು, ಬೆನ್ನು ಕಂಡಿತು.

ಮೂವತ್ತು ವರ್ಷ ನಾನು ಕೈಯಾರೆ ಮಾಡಿದ್ದು ಅಲ್ಲಿ ತಾನಾಗಿಯೇ ಆಗಿತ್ತು. ಬಿಳಿಯ ಚುಕ್ಕೆಗಳ ಎರಡು ಸಾಲು ಕತ್ತಿನಿಂದ ಕೆಳಕ್ಕೆ ಇಳಿಯುತ್ತಿದ್ದವು. ನಾನು ಎಣಿಸಿದೆ. ಕತ್ತಿನ ಏಳು. ಎದೆಯ ಹನ್ನೆರಡು. ಸೊಂಟಕ್ಕೆ ಬಂದಾಗ ಡಾಕ್ಟರಮ್ಮನ ಕೈ ನಿಂತಿತು. ಚಿತ್ರ ಅಲ್ಲೇ ಹೆಪ್ಪುಗಟ್ಟಿತು. ಅವರು ಏನೋ ಅಳೆದರು, ಒತ್ತಿದರು, ಮತ್ತೆ ಅಳೆದರು. ಮಗಳು ಪರದೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಬೆನ್ನು ಓದಲು ಬರುವವನು ಅಪ್ಪ, ಏನಿದ್ದರೂ ಅವನ ಮುಖದಲ್ಲಿ ಮೊದಲು ಗೊತ್ತಾಗುತ್ತದೆ ಎಂದು ಅವಳಿಗೆ ತಿಳಿದಿತ್ತು. ನನಗೆ ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ.

"ಬೆನ್ನು ಸರಿಯಾಗಿದೆ" ಎಂದರು ಡಾಕ್ಟರಮ್ಮ. "ಕೆಳಗಿನವರೆಗೂ ಚರ್ಮ ಮುಚ್ಚಿದೆ. ನೋಡಿ, ಕಾಲು ಒದೀತಿದೆ."

ನಾನು ಮುಂದೆ ಹೋದೆ. ಹೋಗಬಾರದಿತ್ತೇನೋ, ಹೋದೆ. ಪರದೆಯ ಮೇಲೆ, ಆ ಸಾಲು ಕೂಡಿ ಮುಗಿಯುವ ಜಾಗದಲ್ಲಿ, ನನ್ನ ಮಗನಿಗೆ ಹತ್ತಿ ಇಟ್ಟಿದ್ದ ಜಾಗದಲ್ಲಿ ಬೆರಳಿಟ್ಟೆ.

"ಅದನ್ನು ಮುಟ್ಟಬಾರದು, ಯಜಮಾನ್ರೇ" ಎಂದರು ಅವರು.

ಬೆರಳು ತೆಗೆದೆ. ಎಷ್ಟು ತೊಳೆದರೂ ನನ್ನ ಉಗುರಿನಿಂದ ಪ್ಲಾಸ್ಟರ್ ಹೋಗುವುದಿಲ್ಲ. ಗಾಜಿನ ಮೇಲೆ ಬಿಳಿಯ ಗುರುತು ಉಳಿದಿತ್ತು. ಅವರು ಬಟ್ಟೆಯಿಂದ ಒರೆಸಿ, ಲೋಳೆ ಒರೆಸಿಕೊಳ್ಳಲು ಮಗಳಿಗೆ ಕಾಗದ ಕೊಟ್ಟರು. ಮಗಳು ಅದನ್ನು ತೆಗೆದುಕೊಳ್ಳಲಿಲ್ಲ.

"ಇನ್ನೊಂದು ಸಲ ತೋರಿಸಿ ಮೇಡಂ" ಎಂದಳು. "ನಾನು ಇನ್ನೂ ನೋಡಿಲ್ಲ."